ಕರುಳು ತೊಟ್ಟಿಯ ವಾಲ್ವು

ಥೂ! ಈಗಲೂ ನೆನೆದರೆ ನಾಲಿಗೆ ಉಜ್ಜಿಕೊಳ್ಳಬೇಕು ಅನ್ನಿಸುತ್ತದೆ. ಹಾಗಂತ ನಾನೇನೂ ನಾಜೂಕಿನವಳಲ್ಲ. ಹತ್ತು ವರ್ಷದಿಂದ ಹೋಟೆಲು, ಆಸ್ಪತ್ರೆ, ಕಾರ್ಖಾನೆಗಳ ನೀರಿನ ವಾಲ್ವು ಪರೀಕ್ಷಿಸಿ ಸರ್ಟಿಫಿಕೇಟ್ ಬರೆಯುವವಳು. ಒಳಗೆ ಹೋದ ನೀರು ಗಲೀಜು ಹೊತ್ತುಕೊಂಡು ಕುಡಿಯುವ ಪೈಪಿಗೆ ವಾಪಸ್ ಬರಬಾರದು. ನನ್ನ ಕೆಲಸ ಅಷ್ಟೇ.

ಅದನ್ನು ಕಲಿಸಿದವರು ನನ್ನ ಸೋದರಮಾವ. "ಹುಡುಗಿ ಕೈಗೆ ಪೈಪ್ ಪಾನಾ ಯಾಕೆ ಕೊಡ್ತೀಯ?" ಎಂದು ಬಂಧುಬಳಗವೆಲ್ಲ ಮೂಗು ಮುರಿದಾಗ, "ವಾಲ್ವಿಗೆ ಗಂಡು ಹೆಣ್ಣು ಗೊತ್ತಾಗಲ್ಲ, ಸುಮ್ನಿರಿ" ಎಂದವರು. ಗೇಜಿನ ಸೂಜಿ ತೋರಿಸಿದ್ದನ್ನು ಬಿಟ್ಟು ಬೇರೇನೂ ಬರೆಯುವುದಿಲ್ಲವೆಂದು ಕಸುಬಿನವರೆಲ್ಲ ಅವರನ್ನು ಸೂಜಿ ಮೇಷ್ಟ್ರು ಎನ್ನುತ್ತಿದ್ದರು. ಇನ್ನು ಮೂರು ತಿಂಗಳಿಗೆ ನಿವೃತ್ತಿ. ಅವರು ನೋಡುತ್ತಿದ್ದ ಜಾಗಗಳನ್ನು ಒಂದೊಂದಾಗಿ ನನಗೆ ಒಪ್ಪಿಸುತ್ತಿದ್ದರು. ಕರುಳು ತೊಳೆಯುವ ಕಾರ್ಖಾನೆಗೆ ಮಾತ್ರ, "ನಾನೇ ಹೋಗ್ಬರ್ತೀನಿ ಬಿಡು, ಆ ವಾಸನೆ ನಿನಗ್ಯಾಕೆ" ಎಂದಿದ್ದರು. ಮಂಡಿ ನೋವಿನ ಮನುಷ್ಯನಿಗೆ ಯಾಕೆ ತೊಂದರೆ ಎಂದು ಹೇಳದೆ ಕೇಳದೆ ನಾನೇ ಹೋದೆ.

ಅಬ್ಬಬ್ಬಾ, ಏನು ವಾಸನೆ! ಸಾಸೇಜಿನ ಮಾಂಸ ತುಂಬುವ ಕರುಳನ್ನು ಅಲ್ಲಿ ಕೆರೆದು ತೊಳೆಯುತ್ತಾರೆ. ಸಾಲಾಗಿ ನಾಲ್ಕು ತೊಟ್ಟಿ, ಮೇಲೆ ಕಂದು ನೊರೆ. ಹೆಂಗಸರು ಮೊಣಕೈವರೆಗೆ ಕೈ ಇಳಿಸಿ ಕರುಳು ಎಳೆಯುತ್ತಿದ್ದರು. ಪ್ರತಿ ತೊಟ್ಟಿಗೂ ನೀರು ಬಿಡುವ ರಬ್ಬರ್ ಹೋಸು, ಅದರ ಬಾಯಿ ಆ ನೊರೆಯೊಳಗೆ ಮುಳುಗಿಯೇ ಇತ್ತು. ಮುಖ್ಯ ಪೈಪಿನಲ್ಲಿ ಒತ್ತಡ ಕಡಿಮೆಯಾಗಲಿ ಸಾಕು, ಮಗು ಸ್ಟ್ರಾದಲ್ಲಿ ಹೀರಿದ ಹಾಗೆ ಆ ಹೋಸು ತೊಟ್ಟಿಯನ್ನು ಹೀರುತ್ತದೆ. ತಡೆಯುವುದಕ್ಕೆ ಇರುವುದು ನೆಲದ ಗುಂಡಿಯಲ್ಲಿನ ಒಂದೇ ವಾಲ್ವು. ಅದರ ಆಚೆ ಬದಿಯ ಪೈಪಿನಿಂದಲೇ ಮೇಲಿನ ಕ್ಯಾಂಟೀನಿಗೆ ನೀರು.

ಕ್ಯಾಂಟೀನಿನ ಅಕ್ಕ ನಾನು ಬಂದ ಕೂಡಲೇ ಚಹಾ ಕೊಟ್ಟಿದ್ದಳು. ದೊಡ್ಡ ಲೋಟ. ಪೂರ್ತಿ ಕುಡಿದೆ, ಚೆನ್ನಾಗಿದೆ ಅಂತಲೂ ಅಂದೆ. "ಇಲ್ಲಿ ಎಲ್ರಿಗೂ ಹೊಟ್ಟೆ ಸ್ವಲ್ಪ ನಾಜೂಕು. ಅದಕ್ಕೇ ಶುಂಠಿ ಜಾಸ್ತಿ ಹಾಕ್ತೀನಿ" ಎಂದು ನಕ್ಕಳು.

ಗುಂಡಿಗಿಳಿದು ಗೇಜು ಜೋಡಿಸಿದೆ. ಸೂಜಿ ಒಂದಕ್ಕಿಂತ ಕೆಳಗೆ ಇಳಿಯಬಾರದು. ಸೊನ್ನೆ ಬಿಟ್ಟು ಕದಲಲಿಲ್ಲ. ವಾಲ್ವಿಗೆ ಕಟ್ಟಿದ್ದ ಚೀಟಿ ಒರೆಸಿ ನೋಡಿದೆ. ಕಳೆದ ಆರು ವರ್ಷವೂ ಮಾವನ ಸಹಿ, ಆರು ವರ್ಷವೂ ಒಂದೇ ಅಂಕಿ: 2.4. ಯಾವ ಸ್ಪ್ರಿಂಗ್ ಕೂಡ ಆರು ವರ್ಷ ಕೂದಲೆಳೆಯಷ್ಟೂ ಸಡಿಲವಾಗದೆ ಇರುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರೇ ಅವರು.

ಮುಚ್ಚಳ ಬಿಚ್ಚಿದೆ. ನೀರು ಹಿಂದಕ್ಕೆ ಬಂದರೆ ಮುಚ್ಚಿಕೊಳ್ಳುವ ಎರಡು ಬಾಗಿಲು, ಎರಡು ಸ್ಪ್ರಿಂಗ್ ಇರಬೇಕಾದ ಕಡೆ ನನ್ನ ಬೆರಳು ಸಲೀಸಾಗಿ ಆಚೆ ಹೋಯಿತು. ಒಳಗೆಲ್ಲ ಲೋಳೆ. ಕ್ಯಾಂಟೀನಿನ ಕಡೆಯ ಪೈಪಿನ ಬಾಯಲ್ಲಿ ಬೆಳ್ಳಗೆ ತೊಗಲಿನ ಚೂರೊಂದು ಅಂಟಿಕೊಂಡಿತ್ತು. ಗುಂಡಿಯಿಂದ ಹೇಗೆ ಹತ್ತಿದೆನೋ, ಮೋರಿಯ ಹತ್ತಿರ ಕೂತು ಕುಡಿದದ್ದನ್ನೆಲ್ಲ ಕಕ್ಕಿದೆ. ಕೈ ಕೆಸರಾದರೆ ಬಾಯಿ ಮೊಸರಂತೆ. ಇಲ್ಲಿ ಬಾಯಿಗೂ ಕೆಸರೇ.

ಸೂಪರ್‌ವೈಸರ್ ಓಡಿಬಂದ. "ಒಳಗಿನದನ್ನ ಆರು ವರ್ಷದ ಹಿಂದೆ ಮೇಷ್ಟ್ರೇ ಬಿಚ್ಚಿದ್ದು ಮೇಡಂ. ಆ ವಾಲ್ವಿಂದ ನೀರು ಸಣ್ಣಗೆ ಬಂದು ತೊಟ್ಟಿ ತುಂಬೋಕೆ ಗಂಟೆಗಟ್ಟಲೆ ಆಗ್ತಿತ್ತು, ಈ ಹೆಂಗಸರು ಮನೆಗೆ ಹೋಗೋದು ಹೊತ್ತಾಗ್ತಿತ್ತು. ನೋಡೋಕಾಗದೆ ಬಿಚ್ಚಿಕೊಟ್ರು. ದೇವರಂಥ ಮನುಷ್ಯ."

ಫೋನ್ ಮಾಡಿದೆ. ಮಾವ ಕುಂಟುತ್ತಾ ಬಂದರು. ಗುಂಡಿಯ ಅಂಚಿನಲ್ಲಿ ನಿಂತರೇ ಹೊರತು ಒಳಗೆ ಇಣುಕಲಿಲ್ಲ.

"ಎರಡು ದಿನಕ್ಕೆ ಅಂತ ಬಿಚ್ಚಿದ್ದೆ ಕೂಸೇ. ದೊಡ್ಡ ಸೈಜಿನ ವಾಲ್ವು ತಂದು ಹಾಕೋಣ ಅಂತಿದ್ದೆ. ಮರೆತೇ ಹೋಯ್ತು."

"ಮತ್ತೆ ಈ ಅಂಕಿ?"

"ಗುಂಡಿಗೆ ಇಳಿಯೋಕೆ ಮಂಡಿ ಬಿಡ್ಲಿಲ್ಲ. ಹಿಂದಿನ ವರ್ಷದ್ದು ನೋಡ್ಕೊಂಡು ಬರೆದೆ. ತಪ್ಪು. ಆದ್ರೆ ಒಳಗೆ ಏನೂ ಇಲ್ಲ ಅನ್ನೋದು ಆಣೆಗೂ ತಲೇಲಿ ಇರ್ಲಿಲ್ಲ. ವಯಸ್ಸು ನೋಡು ನಂದು."

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದು ಮುಖಕ್ಕೆ ಹೇಳಿಬಿಡಬೇಕು ಅನ್ನಿಸಿತು. ಫೇಲ್ ಎಂದು ಬರೆದರೆ ಕಚೇರಿಯವರು ಅವರ ಮೂವತ್ತೈದು ವರ್ಷದ ಕಾಗದಗಳನ್ನೆಲ್ಲ ಕೆದಕುತ್ತಾರೆ, ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಸೂಜಿ ಮೇಷ್ಟ್ರು ಎಂದವರೇ ಕ್ಯಾಕರಿಸಿ ಉಗಿಯುತ್ತಾರೆ. ಪಾಸ್ ಎಂದು ಬರೆದರೆ ಪೈಪು ತೊಳೆಸಿ ಅಂತ ಯಾರಿಗೂ ಹೇಳುವ ಹಾಗಿಲ್ಲ, ಆ ಹೆಂಗಸರಿಗೆ ತಮ್ಮ ಹೊಟ್ಟೆಗೆ ಏನಾಗಿದೆ ಎಂದು ಎಂದೂ ತಿಳಿಯುವುದಿಲ್ಲ.

"ಸ್ಪ್ರಿಂಗ್ ಹಾಕಿ ಪಾಸ್ ಅಂತ ಬರಿ. ಇವತ್ತಿಂದ ನೀರು ಶುದ್ಧ ತಾನೇ? ನಿನ್ನ ದಮ್ಮಯ್ಯ ಅಂತೀನಿ," ಎಂದರು. ನನ್ನ ಮುಂದೆ ಎಂದೂ ಆ ಮಾತು ಆಡಿದವರಲ್ಲ.

ವ್ಯಾನಿನಲ್ಲಿದ್ದ ಹೊಸ ಬಾಗಿಲು, ಸ್ಪ್ರಿಂಗ್ ತಂದು ಕೂರಿಸಿದೆ. ಸೂಜಿ ಈಗ ಒಂದನ್ನು ದಾಟಿ ನಿಂತಿತು. ಮರೆವು ಯಾರಿಗಿಲ್ಲ, ನಮ್ಮಜ್ಜಿ ಕೊನೆಗೆ ನನ್ನ ಹೆಸರನ್ನೇ ಮರೆತಿದ್ದಳು ಎಂದು ನನಗೆ ನಾನೇ ಹೇಳಿಕೊಂಡೆ. ಫಾರಂ ತೆಗೆದು ತಾರೀಖು, ಅಂಕಿ ತುಂಬಿದೆ. ಫಲಿತಾಂಶದ ಜಾಗದಲ್ಲಿ 'ಪಾ' ಎಂದು ಬರೆದೂಬಿಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಕೈ ನಿಲ್ಲುತ್ತಿರಲಿಲ್ಲ.

ಆಗ ಕ್ಯಾಂಟೀನಿನ ಅಕ್ಕ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಒಂದೇ ಲೋಟ. ಅವಳಿಗೆ ನೀರಿನ ವಿಷಯ ಯಾರೂ ಹೇಳಿರಲಿಲ್ಲ, ನಾನೂ ಸೇರಿ.

"ವಾಂತಿ ಮಾಡ್ಕೊಂಡ್ರಂತೆ, ಬಿಸಿಬಿಸಿ ಕುಡೀರಿ, ಸರಿಹೋಗುತ್ತೆ. ಮೇಷ್ಟ್ರಿಗೆ ತಂದಿಲ್ಲ, ಅವ್ರು ನಾನು ಕೊಟ್ಟಿದ್ದು ಮುಟ್ಟಲ್ಲ. ಮುಂಚೆ ಬಂದಾಗೆಲ್ಲ ಎರಡೆರಡು ಲೋಟ ಕುಡಿಯೋರು. ಆರು ವರ್ಷ ಆಯ್ತು, ಒಂದು ಗುಟುಕು ನೀರೂ ಇಲ್ಲ. ನನ್ನಿಂದ ಏನ್ ತಪ್ಪಾಯ್ತೋ, ಕೇಳಿದ್ರೂ ಹೇಳಲ್ಲ."

ಮಾವನ ಕಡೆ ತಿರುಗಿದೆ. ಅವರು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು. ಬಗ್ಗದ ಮಂಡಿ ಆಗ ಬಗ್ಗಿತು.

"ನಿಮ್ಮಿಂದ ಏನೂ ತಪ್ಪಾಗಿಲ್ಲ ಅಕ್ಕಾ," ಎಂದು ಲೋಟ ಇಸಿದುಕೊಂಡು ಮೋರಿಗೆ ಚೆಲ್ಲಿದೆ. "ಮೇಲೆ ಹೋಗಿ ನಲ್ಲಿ ನಿಲ್ಲಿಸಿ. ಯಾರೂ ಒಂದು ಹನಿ ಕುಡೀಬೇಡಿ. ನಾನು ಬಂದು ಎಲ್ರಿಗೂ ಹೇಳ್ತೀನಿ."

'ಪಾ' ಹೊಡೆದು ಹಾಕಿ ಫೇಲ್ ಎಂದು ಬರೆದೆ. ಕಾರಣದ ಜಾಗದಲ್ಲಿ ಎರಡು ಸಾಲು ಬರೆದು ಸಹಿ ಹಾಕಿದೆ: ಆರು ವರ್ಷದಿಂದ ವಾಲ್ವಿನ ಒಳಭಾಗ ಇಲ್ಲ. ಪರೀಕ್ಷಕರಿಗೆ ಗೊತ್ತಿತ್ತು.