ಪೊರಕೆಗೆ ಮೈಯಿಲ್ಲ

ಕೋಚಮ್ಮನಿಗೆ ತನ್ನ ತಪ್ಪು ಹೊಳೆದದ್ದು ಪಂದ್ಯದ ಹಿಂದಿನ ಸಂಜೆ. ಅಷ್ಟು ದಿನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಅವಳ ಬಾಸ್ಕೆಟ್‌ಬಾಲ್ ತಂಡದವರೆಲ್ಲ ಆರನೇ, ಏಳನೇ ಕ್ಲಾಸಿನ ಹುಡುಗಿಯರು. ಚಿಕ್ಕವರ ತಂಡಗಳು ಸಾಲದೆಂದು ಸಂಘಟಕರು ಇವರನ್ನು ಕಾಲೇಜಿನವರ ಎದುರಿಗೆ ಹಾಕಿದ್ದರು. ಹೋದ ವರ್ಷವೂ ಹೀಗೇ ಆಗಿ, ಮಕ್ಕಳು ಅರ್ಧ ಆಟಕ್ಕೇ ಅಳುತ್ತ ಕೋರ್ಟ್ ಬಿಟ್ಟು ಬಂದಿದ್ದರು. 'ಸೋತರೆ ಸೋಲಲಿ. ಮತ್ತೆ ಓಡಿ ಬಂದ್ರೆ ಬಾಸ್ಕೆಟ್‌ಬಾಲ್ ಟೀಮೇ ಬೇಡ' ಎಂದು ಹೆಡ್‌ಮಿಸ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಎದುರಾಳಿಗಳ ಎತ್ತರಕ್ಕೆ ಕೋಚಮ್ಮ ಉಪಾಯ ಹೂಡಿದ್ದಳು. ಜೇಡರ ಬಲೆ ತೆಗೆಯುವ ಉದ್ದ ಕೋಲಿನ ಪೊರಕೆಗಳನ್ನು ಅರ್ಧ ತಂಡ ಎತ್ತಿ ಹಿಡಿಯುವುದು, ಉಳಿದವರು ಅವುಗಳ ಮೇಲಿಂದ ಚೆಂಡು ಹಾಕುವುದು. ತಲೆ ತುಂಬ ಧೂಳು ಬಿದ್ದರೂ ಮಕ್ಕಳು ಪಳಗಿದರು. ಎಲ್ಲರಿಗಿಂತ ಪುಟ್ಟವಳಾದ ಗುಬ್ಬಿ ಎಸೆದದ್ದಂತೂ ಎಲ್ಲ ರಿಂಗಿನೊಳಕ್ಕೇ ಬೀಳುತ್ತಿತ್ತು.

ಆ ಸಂಜೆ ಶಾಲೆಯ ಹಾಲ್‌ನಲ್ಲಿ ಗುಬ್ಬಿ ಪೊರಕೆ ಹಿಡಿದವಳಿಗೆ ಡಿಕ್ಕಿ ಹೊಡೆದಳು. ಅಷ್ಟಕ್ಕೇ ಕೂತು ಅಳತೊಡಗಿದಳು. ಕೋಚಮ್ಮ ಪೊರಕೆಯನ್ನೇ ನೋಡಿದಳು. ಪೊರಕೆಗೆ ಎತ್ತರವಿದೆ, ಮೈಯೆಲ್ಲಿದೆ? ನಾಳೆ ಬರುವವರು ಭುಜ, ಸೊಂಟ ಎಲ್ಲ ಹೊತ್ತುಕೊಂಡೇ ಬರುತ್ತಾರೆ.

'ಪೊರಕೆ ಕೆಳಗಿಡಿ. ಈಗ ನಾನೇ ಕಾಲೇಜಿನವಳು. ನನ್ನ ದಾಟಿ ಹೋಗಿ ನೋಡೋಣ.'

ಊರವರ ಮಕ್ಕಳನ್ನು ಬೀಳಿಸಲು ಮನಸ್ಸು ಬರಲಿಲ್ಲ. ಮೊದಲು ತನ್ನ ಮಗಳನ್ನೇ ಕರೆದಳು. ಹೋದ ವರ್ಷದ ತಂಡದಲ್ಲಿ ಆಡಿ ಈಗಲೂ ಉಳಿದವಳು ಅವಳೊಬ್ಬಳೇ. ಮಗಳು ಚೆಂಡು ಪುಟಿಸುತ್ತ ಬಂದಳು. ಕೋಚಮ್ಮ ಭುಜ ಕೊಟ್ಟು ತಳ್ಳಿದಳು. ಮಗಳು ಜಾರಿಕೊಂಡು ಹೋಗಿ ಗೋಡೆಗೆ ತಾಗಿದಳು. ಮೊಣಕೈ ತರಚಿ ರಕ್ತ ಜಿನುಗಿತು.

'ಏಳು. ಇನ್ನೊಂದ್ಸಲ.'

ಬಾಯಲ್ಲಿ ಗದರಿದಳು, ಅಷ್ಟೇ. ಮುಂದಿನ ಸಲ ಭುಜ ತಾನಾಗಿಯೇ ಹಗುರವಾಯಿತು. ಮಗಳು ತಡವರಿಸಿ, ನಿಂತು, ಬಾಸ್ಕೆಟ್ ಹಾಕಿದಳು. ಮಕ್ಕಳು ಹೋ ಎಂದರು. ನಂಗೆ, ನಂಗೆ ಎಂದು ಮುಗಿಬಿದ್ದರು. ಕೋಚಮ್ಮ ಒಬ್ಬೊಬ್ಬರನ್ನೂ ತಳ್ಳಿದಳು, ತೊಟ್ಟಿಲು ತೂಗಿದ ಹಾಗೆ.

'ನಾಳೆ ಅವ್ರೂ ಇಷ್ಟೇ ಜೋರಾಗಿ ತಳ್ಳೋದಾ, ಮಿಸ್?' ಗುಬ್ಬಿ ಕೇಳಿದಳು.

ಕೋಚಮ್ಮ ಲೆಕ್ಕ ಹಾಕಿದಳು. ನಿಜ ಹೇಳಿದರೆ ನಾಳೆ ಇವರು ಬಸ್ಸೇ ಹತ್ತುವುದಿಲ್ಲ. ಹೇಳದಿದ್ದರೆ ಮೊದಲ ಏಟಿಗೇ ಓಡಿ ಬರುತ್ತಾರೆ. ಅಷ್ಟರಲ್ಲಿ ಮಗಳೇ ಬಾಯಿ ಹಾಕಿದಳು.

'ಹೂಂ ಕಣೇ, ಇಷ್ಟೇ.'

'ಇಷ್ಟೇನಾ!' ಗುಬ್ಬಿ ಕುಣಿದಳು. ಎಲ್ಲರೂ ನಗುತ್ತ, ಒಬ್ಬರನ್ನೊಬ್ಬರು ನೂಕಾಡುತ್ತ ಮನೆಗೆ ಹೊರಟರು.

ಮಗಳು ಹೋಗಲಿಲ್ಲ. ಹಾಲ್‌ನ ಬಾಗಿಲು ಮುಚ್ಚಿ ಬಂದು, ಚೆಂಡು ಹಿಡಿದು ಅಮ್ಮನೆದುರು ನಿಂತಳು. ತರಚಿದ ಮೊಣಕೈಯನ್ನು ಅಂಗಿಗೆ ಒರೆಸಿಕೊಂಡಳು.

'ಈಗ ನಿಜವಾಗ್ಲೂ ತಳ್ಳಮ್ಮ.'