ಕಾರ್ಬಿನ್ ಹೆಸರಿನ ಕೆಳಗೆ

"ಈ ಕೆಳಗಿನ ಹೆಸರು ಯಾರದ್ದು?" ಎಂದು ಹಳೆಯ ಆಟದ ಸಾಮಾನುಗಳ ವ್ಯಾಪಾರಿ ಪರೀಲೊ ಕೇಳಿದ.

ಭೂತಗನ್ನಡಿಯನ್ನು ಅವನು ಇನ್ನೂ ಕಣ್ಣಿನಿಂದ ಸರಿಸಿರಲಿಲ್ಲ. ಗಾಜಿನ ಕೌಂಟರಿನ ಮೇಲೆ ಹಾಸಿದ್ದ ಕಪ್ಪು ಮಖಮಲ್ಲಿನ ನಡುವೆ ಬೇಸ್‌ಬಾಲ್ ಚೆಂಡು ಕೂತಿತ್ತು. ಅದರ ಬಿಳಿ ಚರ್ಮ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದ್ದರೂ ಕೆಂಪು ಹೊಲಿಗೆ ಕಂದಿರಲಿಲ್ಲ. ಎರಡು ಹೊಲಿಗೆಗಳು ತೀರ ಹತ್ತಿರ ಬರುವ ಕಿರಿದಾದ ಜಾಗದಲ್ಲಿ, ಒಂದು ಕಾಲದ ಹೆಸರಾಂತ ಆಟಗಾರ ಲೂಥರ್ ಕಾರ್ಬಿನ್ ನೀಲಿ ಬಾಲ್‌ಪೆನ್ನಿನಿಂದ, ದುಂಡಗೆ, ಅವಸರವಿಲ್ಲದೆ ತನ್ನ ಹೆಸರು ಬರೆದಿದ್ದ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಹೆಸರಿತ್ತು.

ಎಮಿಲ್ ಸ್ಕಾಲ್ಕಾ ಗಂಟಲು ಸರಿಮಾಡಿಕೊಂಡು ಮಗನ ಮುಖ ನೋಡಿದ. ಗ್ಲೆನ್ ಹೇಳುತ್ತಾನೆಂದು ಕಾದ. ತಾನೇ ಹೇಳಿಕೊಳ್ಳುವುದಕ್ಕಿಂತ ಮಗ ಹೇಳಿದರೆ ಚೆಂದ.

"ಗೊತ್ತಿಲ್ಲ. ಯಾರೋ ಒಬ್ಬ ಆಟಗಾರ ಇರ್ಬೇಕು," ಎಂದ ಗ್ಲೆನ್. "ಅದಿಲ್ದಿದ್ರೆ ಎಷ್ಟಾಗ್ತಿತ್ತು?"

ಪರೀಲೊ ನೆಟ್ಟಗೆ ನಿಂತು ಬೆನ್ನು ಹಿಂದಕ್ಕೆ ಬಗ್ಗಿಸಿದ. "ಕಾರ್ಬಿನ್ ಕಾರ್ ಆಕ್ಸಿಡೆಂಟಲ್ಲಿ ಹೋದಾಗ ವಯಸ್ಸು ಇಪ್ಪತ್ತೊಂಬತ್ತು. ಸಹಿ ಮಾಡಿದ್ದೇ ಕಮ್ಮಿ. ಬರೀ ಅವನೊಬ್ಬನ ಹೆಸರು ಇದ್ದಿದ್ರೆ ಹದಿನೈದು ಸಾವಿರ ಡಾಲರಿಗೆ ನಾನೇ ಗಿರಾಕಿ ಹಿಡಿದು ಕೊಡ್ತಿದ್ದೆ. ಈಗ ಮೂರು ಸಾವಿರ ಬಂದ್ರೆ ಹೆಚ್ಚು. ನೋಡಿ, ಈ ಮಹಾಶಯ ಬಂದು ಅಲ್ಲೇ ಮಧ್ಯದಲ್ಲೇ ಕೂತ್ಕೊಂಡಿದ್ದಾನೆ. ಆ ಕಡೆ ಈ ಕಡೆ ಎಷ್ಟು ಜಾಗ ಇತ್ತು!"

ಎಮಿಲ್ ಕೋಟು ತೊಟ್ಟುಕೊಳ್ಳತೊಡಗಿದ. ಬಲಗೈ ಮೊಣಕೈಯಿಂದ ಮೇಲೆ ಸಲೀಸಾಗಿ ಏಳುತ್ತಿರಲಿಲ್ಲ, ತೋಳು ಸಿಕ್ಕಿಸಿಕೊಳ್ಳಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಪರೀಲೊ ತಗ್ಗಿದ ದನಿಯಲ್ಲಿ ಗ್ಲೆನ್‌ಗೆ ಏನೋ ಹೇಳಿದ. ಗ್ಲೆನ್ ತಲೆಯಾಡಿಸಿದ. ಎಮಿಲ್‌ಗೆ ಎಡಗಿವಿ ಮಂದ, ಅದು ಕೇಳಿಸಲಿಲ್ಲ.

ಆ ಮಹಾಶಯ ಎಮಿಲ್‌ನೇ. ಅವನು ದೊಡ್ಡ ಲೀಗಿನಲ್ಲಿ ಚೆಂಡೆಸೆದದ್ದು ಸಾವಿರದ ಒಂಬೈನೂರ ಐವತ್ತೆಂಟರ ಒಂದೇ ಒಂದು ಬೇಸಿಗೆ. ಒಂದು ಸಂಜೆ ಆಟದ ಕೊನೆಗೆ ಅವನನ್ನು ಕರೆದು ಚೆಂಡು ಕೊಟ್ಟರು. ಅವನ ಎಸೆತವನ್ನು ಎದುರಾಳಿ ಆಕಾಶಕ್ಕೆ ಹೊಡೆದ. ಬೇಲಿಯ ತನಕ ಓಡಿಹೋಗಿ ಅದನ್ನು ಹಿಡಿದವನು ಕಾರ್ಬಿನ್. ತಂಡ ಗೆದ್ದಿತು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕಾರ್ಬಿನ್ ಆ ಚೆಂಡಿಗೆ ಸಹಿ ಹಾಕಿ ಅವನ ಮಡಿಲಿಗೆ ಎಸೆದಿದ್ದ. "ನೀನೂ ಹಾಕೋ ಮಾರಾಯ. ಇಲ್ಲೇ, ನನ್ನ ಹೆಸರಿನ ಕೆಳಗೇ. ಇಲ್ದಿದ್ರೆ ನಾವಿಬ್ರೂ ಒಟ್ಟಿಗೆ ಆಡಿದ್ವಿ ಅಂದ್ರೆ ನಿನ್ನನ್ನ ಯಾರು ನಂಬ್ತಾರೆ?" ಎಂದು ನಕ್ಕಿದ್ದ. ಆಗಸ್ಟ್ ಮುಗಿಯುವ ಮೊದಲೇ ಎಮಿಲ್‌ನ ಮೊಣಕೈ ಹೋಯಿತು. ಆಮೇಲಿನ ಬದುಕೆಲ್ಲ ಜಾನ್ಸ್‌ಟೌನಿನ ಉಕ್ಕಿನ ಕಾರ್ಖಾನೆಯಲ್ಲಿ.

ಕಾರಿನಲ್ಲಿ ಊರ ಕಡೆ ಹೊರಟರು. ಸುರಂಗ ದಾಟಿದ ಮೇಲೆ ಗ್ಲೆನ್ ಸ್ಟಿಯರಿಂಗಿಗೆ ಅಂಗೈಯಿಂದ ಬಡಿದ.

"ಅಲ್ಲಪ್ಪ, ನೀನ್ಯಾಕೆ ಅಲ್ಲಿ ಬರೆಯೋಕೆ ಹೋದೆ? ನಿನ್ನನ್ನ ಯಾರು ಕೇಳಿದ್ರು?"

"ಅವನೇ ಕೇಳಿದ."

"ಹೂಂ, ಕೇಳ್ದ. ಲೂಥರ್ ಕಾರ್ಬಿನ್ ನಿನ್ನ ಸಹಿ ಕೇಳ್ದ."

ಗ್ಲೆನ್ ನಕ್ಕ. ಮಗ ಕೆಟ್ಟವನಲ್ಲ ಎಂದು ಎಮಿಲ್ ತನಗೆ ತಾನೇ ಹೇಳಿಕೊಂಡ. ಹೋದ ಚಳಿಗಾಲದಲ್ಲಿ ಎಮಿಲ್ ತನ್ನ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಜಾರಿಬಿದ್ದು ಒಂದು ರಾತ್ರಿ ಪೂರ್ತಿ ಅಲ್ಲೇ ಕೂತಿದ್ದ. ಆಗ ಗ್ಲೆನ್ ತಾನಾಗಿ ಹೇಳಿದ್ದ: ನಮ್ಮ ಮನೆ ಗ್ಯಾರೇಜನ್ನು ಒಡೆಸಿ ಅಪ್ಪನಿಗೊಂದು ಕೋಣೆ ಮಾಡೋಣ, ಬಚ್ಚಲು ಅಲ್ಲೇ, ಮೆಟ್ಟಿಲೇ ಇರಲ್ಲ. ಸೊಸೆ ಮಾರ್ಸಿ ಮಾತ್ರ, ಈಗಿನ ಸಂಬಳದಲ್ಲಿ ಅದಾಗುವ ಮಾತಲ್ಲ, ವೃದ್ಧರ ಹೋಮಿನಲ್ಲಿ ಎಷ್ಟು ಚೆನ್ನಾಗಿ ನೋಡಿಕೊಳ್ತಾರೆ ಗೊತ್ತಾ ಎಂದಿದ್ದಳು. ಆಗಲೇ ಎಮಿಲ್ ಚೆಂಡು ಮಾರುವ ಮಾತೆತ್ತಿದ್ದು. ಕಿಟಕಿ ಯಾವ ಕಡೆ ಬರಬೇಕೆಂಬುದನ್ನೂ ಅವನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದ. ಪೂರ್ವಕ್ಕೆ, ಮೇಪಲ್ ಮರದ ಕಡೆಗೆ.

ಭಾನುವಾರ ಬೆಳಿಗ್ಗೆ ಅವನು ಚರ್ಚಿಗೆ ಹೋಗಲಿಲ್ಲ. ತೀರಿಹೋದ ಹೆಂಡತಿಯ ಉಗುರುಬಣ್ಣ ಅಳಿಸುವ ಔಷಧಿಯ ಸೀಸೆ ಬಚ್ಚಲಿನ ಕಪಾಟಿನಲ್ಲಿ ಇನ್ನೂ ಇತ್ತು. ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಕನ್ನಡಕ ಒರೆಸಿ ಹಾಕಿಕೊಂಡು ಕೂತ. ಕೊನೆಯ ಅಕ್ಷರದಿಂದ ಶುರುಮಾಡಿದ. ಶಾಯಿ ಮೊದಲು ನೇರಳೆಯಾಯಿತು, ಹರಡಿತು, ಆಮೇಲೆ ಹತ್ತಿಗೆ ಬಂತು. ಒಂದೊಂದು ಅಕ್ಷರಕ್ಕೂ ಹೊಸ ಹತ್ತಿ. ಕಾರ್ಬಿನ್‌ನ ಹೆಸರಿಗೆ ಒಂದು ಹನಿಯೂ ತಾಗಬಾರದೆಂದು ಉಸಿರು ಬಿಗಿಹಿಡಿದ. ಬೆರಳು ನಡುಗಲಿಲ್ಲ. ಈ ಬೆರಳು ಎಲ್ಲಿ ಬೇಕೋ ಅಲ್ಲಿಗೇ ಚೆಂಡು ಕಳಿಸುತ್ತಿದ್ದ ಬೆರಳಲ್ಲವೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಬಹಳ ವರ್ಷಗಳ ಮೇಲೆ ಮನೆಯವರಿಗಾಗಿ ಏನೋ ಒಂದು ಕೆಲಸ ಮಾಡುತ್ತಿದ್ದೇನೆ ಎನ್ನಿಸಿತು.

ತನ್ನ ಹೆಸರಿನ ಮೊದಲಕ್ಷರ ಮಾತ್ರ ಉಳಿದಾಗ ಕಡ್ಡಿ ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದ. ಬಂದು ಅದನ್ನೂ ಒರೆಸಿದ.

ಮಧ್ಯಾಹ್ನ ಬಂದ ಗ್ಲೆನ್ ನೋಡಿದವನೇ ಚೆಂಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಏನೋ ಹೇಳಲು ಹೊರಟವನು ಅದನ್ನು ನುಂಗಿಕೊಂಡಂತಿತ್ತು.

"ಏನೂ ಕಾಣ್ತಾನೇ ಇಲ್ವಲ್ಲಪ್ಪ!"

"ನಿಧಾನಕ್ಕೆ ಮಾಡ್ದೆ."

"ಭೇಷ್!" ಎಂದು ಗ್ಲೆನ್ ಅವನ ಬೆನ್ನು ತಟ್ಟಿದ. ಮಗ ಹಿಂದೆಂದಾದರೂ ತನ್ನ ಬೆನ್ನು ತಟ್ಟಿದ್ದು ಎಮಿಲ್‌ಗೆ ನೆನಪಿರಲಿಲ್ಲ. "ಆದ್ರೆ ಪರೀಲೊ ಹತ್ರ ಬೇಡ. ಬೇರೆಯವರಿಗೆ ತೋರ್ಸೋಣ."

"ಯಾಕೆ? ಬೆಲೆ ಹೇಳಿದ್ದು ಅವನೇ ಅಲ್ವಾ?"

"ಬೇಡ ಅಂದ್ರೆ ಬೇಡಪ್ಪ. ಅವನು ಮೊದಲೇ ನೋಡಿಬಿಟ್ಟಿದ್ದಾನೆ."

ಮುಂದಿನ ಶನಿವಾರ ಪಿಟ್ಸ್‌ಬರ್ಗಿನಲ್ಲಿ ರೂತ್ ಲೆವೆನ್ ಎಂಬ ಹೆಂಗಸಿನ ಅಂಗಡಿಗೆ ಹೋದರು. ಗಂಡ ಸತ್ತ ಮೇಲೆ ಅವನ ವ್ಯಾಪಾರವನ್ನು ಅವಳೇ ನಡೆಸುತ್ತಿದ್ದಳು. ಗೋಡೆಯುದ್ದಕ್ಕೂ ಗಾಜಿನ ಡಬ್ಬಿಗಳಲ್ಲಿ ಚೆಂಡುಗಳು ಸಾಲಾಗಿ ಕೂತಿದ್ದವು. ಕಾರ್ಬಿನ್‌ನ ಹೆಸರು ನೋಡಿ ಅವಳ ಹುಬ್ಬು ಮೇಲೇರಿತು. ಗ್ಲೆನ್ ಅಪ್ಪನ ಕಡೆ ತಿರುಗಿ ಕಣ್ಣು ಮಿಟುಕಿಸಿದ.

"ಅಕ್ಷರ ಅವನದ್ದೇ, ಅನುಮಾನ ಇಲ್ಲ," ಎನ್ನುತ್ತ ಅವಳು ಪರದೆ ಎಳೆದು ದೀಪ ಆರಿಸಿದಳು. ಸಹಿ ಪರೀಕ್ಷಿಸುವ ಕೈಗಾತ್ರದ ಇನ್ನೊಂದು ದೀಪ ಹಚ್ಚಿದಳು. ಅಂಗಡಿ ತುಂಬ ಮಬ್ಬು ನೇರಳೆ ಬೆಳಕು. ಆ ಬೆಳಕಿನಲ್ಲಿ ಕಾರ್ಬಿನ್‌ನ ಹೆಸರಿನ ಕೆಳಗೆ ಹಾಲು ಚೆಲ್ಲಿದಂತೆ ಒಂದು ಬಿಳಿಯ ಕಲೆ ಎದ್ದಿತು. ಕಲೆಯೊಳಗೆ, ಪೆನ್ನು ಚರ್ಮವನ್ನು ಒತ್ತಿದ್ದ ಕಡೆಯೆಲ್ಲ ಕಪ್ಪು ಗೆರೆ. ಅವಳು ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಎಮಿಲ್... ಸ್ಕಾಲ್ಕಾ. ಅಯ್ಯೋ, ಯಾರಿದು, ಪಾಪ? ಯಾರು ಒರೆಸಿದ್ದು?"

ಅವಳು ಅಂಗಡಿಯ ದೀಪ ಮತ್ತೆ ಹಚ್ಚಿದಳು.

"ಒಂದ್ಸಲ ಔಷಧಿ ಮುಟ್ಟಿದ ಚೆಂಡಿಗೆ ಯಾರೂ ಸರ್ಟಿಫಿಕೇಟ್ ಕೊಡಲ್ಲ. ಕಾರ್ಬಿನ್ ಸಹಿ ಅಸಲಿ ಅಂತ ನಾನು ನಂಬಿದ್ರೂ ಕೊಳ್ಳೋರು ನಂಬಲ್ಲ. ಇದಕ್ಕೀಗ ಬೆಲೆ ಇಲ್ಲ. ಆ ಹೆಸರು ಹಾಗೇ ಬಿಟ್ಟಿದ್ರೆ ಎಷ್ಟೋ ಬರ್ತಿತ್ತು. ಇದನ್ನ ಮೊದಲು ಯಾರಿಗೂ ತೋರ್ಸಿರಲಿಲ್ವಾ? ಈ ವ್ಯಾಪಾರದಲ್ಲಿ ಇರೋರು ಯಾರೇ ಆದ್ರೂ ಮೊದಲು ಹೇಳೋ ಮಾತೇ ಅದು. ಏನೇ ಆಗ್ಲಿ, ಒರೆಸೋಕೆ ಹೋಗ್ಬೇಡಿ ಅಂತ."

ಎಮಿಲ್ ಮಗನ ಕಡೆ ತಿರುಗಿದ. ಗ್ಲೆನ್ ಗೋಡೆಯ ಮೇಲಿನ ಚೆಂಡುಗಳನ್ನು ನೋಡುತ್ತಿದ್ದ. ಅವನ ಕಿವಿಯಿಂದ ಕುತ್ತಿಗೆಯವರೆಗೆ ಕೆಂಪೇರಿತ್ತು.

"ಒರೆಸಿದ್ದು ನಾನೇ," ಎಂದ ಎಮಿಲ್.

"ನೀವಾ? ಯಾಕೆ ಯಜಮಾನ್ರೇ?"

"ಚೆನ್ನಾಗಿ ಕಾಣ್ಲಿ ಅಂತ."

ಅವಳು ಚೆಂಡನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು.

ಹೊರಗೆ ಬಿಸಿಲಿತ್ತು. ಹಿಂದಿರುಗುವ ದಾರಿಯಲ್ಲಿ ಗ್ಲೆನ್ ರೇಡಿಯೋ ಹಾಕಿದ, ಆರಿಸಿದ.

"ಪರೀಲೊ ಹೇಳಿದ್ದನ್ನ ನಾನು ನಿಂಗೆ ಹೇಳ್ಬೇಕು ಅಂತಾನೇ ಇದ್ದೆ," ಎಂದ. ಕಾರಿನ ಕನ್ನಡಿ ಸರಿಮಾಡುತ್ತ, "ನೀನು ಇಷ್ಟು ಬೇಗ ಮಾಡ್ತೀಯ ಅಂತ ನಂಗೇನು ಗೊತ್ತು?" ಎಂದ.

ಆ ಔಷಧಿ ತಾಗಿದ್ದ ಎಮಿಲ್‌ನ ಬೆರಳ ತುದಿಗಳ ಚರ್ಮ ಇನ್ನೂ ಸುಲಿಯುತ್ತಿತ್ತು, ಅವನು ಅದನ್ನೇ ಕೀಳುತ್ತ ಕೂತಿದ್ದ.

"ಆ ಹೋಮ್ ಇದೆಯಲ್ಲಪ್ಪ, ಮಾರ್ಸಿ ಹೇಳ್ತಿದ್ದದ್ದು. ಒಂದ್ಸಲ ನೋಡ್ಕೊಂಡು ಬರೋಣ. ಬರೀ ನೋಡೋದು. ದಾರೀಲೇ ಸಿಗತ್ತೆ."

"ನೋಡೋಣ."

"ಊಟ ಮಾಡ್ಕೊಂಡು ಹೋಗೋಣ. ನಿಂಗೆ ಹಸಿವಾಗಿರ್ಬೇಕು."

ಹೆದ್ದಾರಿ ಪಕ್ಕದ ಹ್ಯಾಂಬರ್ಗರ್ ಅಂಗಡಿಯ ಮುಂದೆ ಗ್ಲೆನ್ ಕಾರು ನಿಲ್ಲಿಸಿ, ಅಪ್ಪನ ಕೈಗೆ ನೋಟು ಕೊಟ್ಟು, ತಾನು ಹೊರಗೇ ನಿಂತು ಫೋನ್ ಹಚ್ಚಿದ. ಗಾಜಿನಾಚೆ ಅವನು ತಲೆ ಅಲ್ಲಾಡಿಸುತ್ತ, ಅತ್ತಿಂದಿತ್ತ ನಡೆಯುತ್ತ ಮಾರ್ಸಿಗೆ ಹೇಳುತ್ತಿದ್ದುದು ಎಮಿಲ್‌ಗೆ ಕಾಣುತ್ತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಆಟದ ದಿನ. ಅರ್ಧಕ್ಕರ್ಧ ಜನ ಬೇಸ್‌ಬಾಲ್ ತಂಡದ ಟೊಪ್ಪಿಗೆ ಹಾಕಿಕೊಂಡಿದ್ದರು. ಮೇಲಿನ ಟಿವಿಯಲ್ಲಿ ಯಾರೋ ಚೆಂಡೆಸೆಯಲು ತೋಳು ತಿರುಗಿಸುತ್ತಿದ್ದ.

"ಎರಡು ಹ್ಯಾಂಬರ್ಗರ್, ಎರಡು ಕಾಫಿ," ಎಂದ.

"ಹೆಸರು ಹೇಳಿ ತಾತ," ಎಂದಳು ಕೌಂಟರಿನ ಹುಡುಗಿ, ಪೆನ್ನು ಎತ್ತಿಕೊಂಡು. "ಆದ ತಕ್ಷಣ ಕೂಗ್ತೀನಿ."

ಎಮಿಲ್ ಬಾಯಿ ತೆರೆದ. ಹಿಂದಿದ್ದವನು ಅಸಹನೆಯಿಂದ ಕಾಲು ಬದಲಿಸಿದ.

"ತಾತ? ಹೆಸರು?"

"ಲೂಥರ್ ಕಾರ್ಬಿನ್."

ಅವಳು ಬರೆದುಕೊಂಡಳು. ಅವನು ಹೋಗಿ ಗೋಡೆಬದಿಯ ಬೆಂಚಿನಲ್ಲಿ, ಇಬ್ಬರು ಟೊಪ್ಪಿಗೆಯವರ ನಡುವೆ ಕೂತ. ಸ್ವಲ್ಪ ಹೊತ್ತಿಗೆ ಹುಡುಗಿ ಟ್ರೇ ತಂದಿಟ್ಟು, ಗದ್ದಲದ ಮೇಲೆ ದನಿಯೆತ್ತಿ ಕೂಗಿದಳು.

"ಕಾರ್ಬಿನ್! ಲೂಥರ್ ಕಾರ್ಬಿನ್!"

ಯಾರ ತಲೆಯೂ ತಿರುಗಲಿಲ್ಲ. ಪಕ್ಕದವನು ಆಲೂಗಡ್ಡೆ ಚೂರನ್ನು ಸಾಸಿಗೆ ಅದ್ದುತ್ತಿದ್ದ. ಟಿವಿಯಲ್ಲಿ ಯಾರೋ ಹೊಡೆದ ಚೆಂಡು ಎತ್ತರಕ್ಕೆ ಹೋಯಿತು. ಎಲ್ಲರೂ ಅತ್ತ ಕತ್ತೆತ್ತಿದರು.

"ಲೂಥರ್ ಕಾರ್ಬಿನ್ ಯಾರ್ರೀ?"

ಎಮಿಲ್ ಮಂಡಿಯ ಮೇಲೆ ಕೈಯೂರಿ ಎದ್ದ. ಜನರ ನಡುವೆ ದಾರಿ ಮಾಡಿಕೊಳ್ಳುತ್ತ ಹೋಗಿ, ಕಾಫಿ ತುಳುಕದಂತೆ ಎರಡೂ ಕೈಯಲ್ಲಿ ಟ್ರೇ ಎತ್ತಿಕೊಂಡ.