ಹೊಟ್ಟೆ ಕೆಳಗಿನ ಆಂಟೆನಾ

ಖಜೂರಿಯ ಲಾಡ್ಲೆಸಾಬ ಲಾರಿಗಳ ವೈರಿಂಗ್ ಮಾಡಿಕೊಂಡಿದ್ದವರು. ಅವರ ಮಗಳು ಅಫ್ರೀನ ಅದೇ ಕೆಲಸವನ್ನು ವಿಮಾನಗಳಿಗೆ ಮಾಡುವುದು ಕಲಿತು, ಜಿಲ್ಲೆಯ ಒಂದು ವಿಮಾನ ತರಬೇತಿ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಈ ಚಳಿಗಾಲದಲ್ಲಿ ಶಾಲೆಯವರು ತಮ್ಮ ನಾಲ್ಕು ಪುಟ್ಟ ವಿಮಾನಗಳಿಗೂ ಹೊಸದೊಂದು ಪೆಟ್ಟಿಗೆ ಕೂಡಿಸಲು ತರಿಸಿದರು. ಸುತ್ತಮುತ್ತ ಹಾರುವ ವಿಮಾನಗಳ ಸಂಕೇತ ಹಿಡಿದು, ಯಾವುದಾದರೂ ಡಿಕ್ಕಿ ಹೊಡೆಯುವಷ್ಟು ಹತ್ತಿರ ಬಂದರೆ ಪೈಲಟ್‌ನ ಕಿವಿಯಲ್ಲಿ ಕೂಗಿ ಹೇಳುವ ಪೆಟ್ಟಿಗೆ ಅದು.

ಮೊದಲನೆಯ ವಿಮಾನಕ್ಕೆ ಅಫ್ರೀನಳೇ ಅದನ್ನು ಕೂಡಿಸಿದಳು. ಆಂಟೆನಾ ವಿಮಾನದ ಬೆನ್ನ ಮೇಲೆ ನಿಂತಿತು. ನೆಲದ ಮೇಲೆ ನೋಡಿದಾಗ ಎಲ್ಲ ಸರಿಯಿತ್ತು. ಪರೀಕ್ಷೆಗೆಂದು ಎರಡು ವಿಮಾನ ಹಾರಿಸಿದಾಗ ಮಾತ್ರ, ಇನ್ನೊಂದು ವಿಮಾನ ಕೆಳಗೆ ಸರಿದ ಕೂಡಲೇ ಪೆಟ್ಟಿಗೆಯ ಪರದೆಯಿಂದ ಮಾಯವಾಯಿತು. ಲೋಹದ ಮೈಯೇ ಸಂಕೇತಕ್ಕೆ ಅಡ್ಡ ಬರುತ್ತಿತ್ತು.

ಹೊಟ್ಟೆಯ ಕೆಳಗೆ ಇನ್ನೊಂದು ಆಂಟೆನಾ ಬೇಕು, ಎರಡು ದಿನ ಹಿಡಿಯುತ್ತದೆ ಎಂದಳು ಅಫ್ರೀನ. ಕೆಲಸ ಸರಿಯಿದೆಯೆಂದು ಸಹಿ ಮಾಡಬೇಕಾದ ಎಂಜಿನಿಯರ್ ಹಣಮಂತರಾಯರಿಗೆ ಅದು ಹಿಡಿಸಲಿಲ್ಲ. ಜೇವರ್ಗಿಯ ಸೃಷ್ಟಿ ಎಂಬ ವಿದ್ಯಾರ್ಥಿನಿ ಮರುದಿನ ಅದೇ ವಿಮಾನದಲ್ಲಿ ಮೊದಲ ಬಾರಿ ಒಬ್ಬಳೇ ದೂರ ಹಾರುವುದಿತ್ತು. ಮೇಲಿನವು, ಬದಿಯವು ಕಾಣುತ್ತವಲ್ಲ, ಸದ್ಯಕ್ಕೆ ಸಾಕು ಎಂದರು.

"ಕೆಳಗಿಂದು ಕಣ್ಣಿಗೂ ಕಾಣಂಗಿಲ್ರಿ ಸರ್, ರೆಕ್ಕಿ ಅಡ್ಡ ಬರ್ತದ" ಎಂದಳು ಅಫ್ರೀನ. "ಕಣ್ಣಿಗಿ ಕಾಣಲಾರದ್ದು ತೋರಸ್ಲಿ ಅಂತೇ ಅಲ್ಲೇನ್ರಿ ಇದನ್ನ ಕೂಡ್ಸೂದು?"

ಹಣಮಂತರಾಯರು ನಕ್ಷೆ ತೆಗೆದುಕೊಂಡು ಬಾ ಎಂದರು. ಆಂಟೆನಾಕ್ಕೆ ತೂತು ಕೊರೆಯಬೇಕಾದ ಜಾಗವನ್ನು ಅವರೇ ಗುರುತು ಹಾಕಿಕೊಟ್ಟರು.

ಮೂರನೆಯ ದಿನ ಬೆಳಿಗ್ಗೆ ಸೃಷ್ಟಿ ಹೊರಟಳು. ಆಳಂದ, ಅಫಜಲಪುರ ಸುತ್ತಿ ಜೇವರ್ಗಿ ಮೇಲಿಂದ ಹಿಂದಿರುಗಬೇಕು. ಮಗಳು ಹಾರುವುದನ್ನು ನೋಡಲು ಬಂದಿದ್ದ ತಾಯಿ ಸುಭದ್ರಾಬಾಯಿ ಶೆಡ್ಡಿನ ನೆರಳಲ್ಲಿ ಅಫ್ರೀನಳ ಪಕ್ಕ ಕುಳಿತರು. ಮನೆಯಿಂದ ತಂದ ಶೇಂಗಾ ಹೋಳಿಗೆ ಬಿಚ್ಚಿಟ್ಟರು. ಅಫ್ರೀನ ಒಂದು ತುಂಡು ಮುರಿದು ಕೈಯಲ್ಲೇ ಹಿಡಿದು ಕುಳಿತಳು. ಸೃಷ್ಟಿ ಹೊರಟ ಮೇಲೆ ಭೀಮಾ ನದಿಯ ಕಡೆ ಮಂಜು ದಟ್ಟವಾಗಿತ್ತು. ಹೊಸ ಆಂಟೆನಾದ ಕನೆಕ್ಟರ್ ಬಿಗಿಯಾಗಿದೆಯೇ ಎಂದು ಮೂರು ಸಲ ನೋಡಿದ್ದಳು, ಈಗ ನಾಲ್ಕನೆಯ ಸಲ ನೋಡಬೇಕಿತ್ತು ಅನ್ನಿಸುತ್ತಿತ್ತು.

ಬರುವ ಹೊತ್ತಾಯಿತು. ವಿಮಾನದ ಸುಳಿವಿಲ್ಲ. ಸುಭದ್ರಾಬಾಯಿ ಎದ್ದು ಬಿಸಿಲಿಗೆ ಹೋಗಿ ನಿಂತರು. ಏಳು ನಿಮಿಷ ತಡವಾಗಿ ದಕ್ಷಿಣದ ಕಡೆಯಿಂದ ವಿಮಾನ ಕಂಡಿತು. ಅದರ ಚಕ್ರಗಳು ನೆಲಕ್ಕೆ ತಾಗುವವರೆಗೆ ಅಫ್ರೀನ ಕಣ್ಣು ಕೀಳದೆ ನೋಡಿದಳು.

ಇಳಿದು ಬಂದ ಸೃಷ್ಟಿಯ ಮುಖ ಬಿಳಿಚಿಕೊಂಡಿತ್ತು, ಆದರೆ ಮಾತು ನೆಟ್ಟಗಿತ್ತು. ಅಫಜಲಪುರ ದಾಟುವಾಗ ಪೆಟ್ಟಿಗೆ ಕೂಗಿಕೊಂಡಿತಂತೆ: ಕೆಳಗಿನಿಂದ ಒಂದು ವಿಮಾನ ಮೇಲೇರಿ ಬರುತ್ತಿದೆ ಎಂದು. ಕೆಳಗೆ ನೋಡಿದರೆ ಬರೀ ಮಂಜು. ನಂಬಿ ಬಲಕ್ಕೆ ತಿರುಗಿಸಿದಳಂತೆ. ಅಷ್ಟರಲ್ಲಿ ಯಾವುದೋ ಬಿಳಿ ವಿಮಾನ ಮಂಜಿನಿಂದೆದ್ದು, ಅವಳು ಬಿಟ್ಟು ಬಂದ ಜಾಗವನ್ನೇ ಹಾದು ಮೇಲಕ್ಕೆ ಹೋಯಿತಂತೆ. ಆಮೇಲೆ ದಾರಿ ಹಿಡಿಯಲು ಒಂದು ಸುತ್ತು ಹಾಕಬೇಕಾಯಿತು, ಅದಕ್ಕೇ ತಡ.

ಹಣಮಂತರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಉಳಿದ ಮೂರು ವಿಮಾನಗಳಿಗೂ ಕೆಳಗಿನ ಆಂಟೆನಾ ಹಾಕದ ಹೊರತು ಅವುಗಳಲ್ಲಿ ಒಂದೂ ಹಾರಬಾರದು ಎಂದು ಹೇಳಿ ಒಳಗೆ ಹೋದರು. ಅಫ್ರೀನ ವಿಮಾನದ ರೆಕ್ಕೆಗೆ ಒರಗಿ ನಿಂತಳು. ಬೆಳಗಿನಿಂದ ಬಿಗಿದುಕೊಂಡಿದ್ದ ಹೆಗಲು ಸಡಿಲಾಯಿತು, ಯಾಕೋ ನಗುವೂ ಬಂತು.

ಸುಭದ್ರಾಬಾಯಿ ಮಗಳ ಕೈ ಬಿಟ್ಟಿರಲಿಲ್ಲ. ನಾಳೆಯೂ ಹಾರುವುದಿದೆಯೇ ಎಂದು ಕೇಳಿದರು. ಸೃಷ್ಟಿ ಅಳುಕುತ್ತ ಹೌದೆಂದಳು.

"ಹಾರು" ಎಂದರು ತಾಯಿ. ಮತ್ತೆ ಅಫ್ರೀನಳ ಕಡೆ ನೋಡಿ, "ವಿಮಾನ ನೀ ಒಂದು ಸಲ ನೋಡಿ ಬಿಡವಾ, ಅಷ್ಟಾದ್ರ ನಂಗ ಸಾಕು" ಎಂದರು.